ಪ್ರಾಜೆಕ್ಟ್ ಆಧಾರಿತ ಸಣ್ಣ ಚಾರ್ಟರ್ ಶಾಲೆಯಲ್ಲಿ ಸೀಟು ಬಂದಿದೆ: ಒಪ್ಪುವ ಮೊದಲು ಏನೇನು ನೋಡಬೇಕು?

ಮಲೆನಾಡ_ಮಳೆ

ಎಲ್ಲರಿಗೂ ನಮಸ್ಕಾರ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡೆ. ಮಗ ಈಗ 6ನೇ ತರಗತಿ, ಆಗಸ್ಟ್‌ಗೆ 7. ಹತ್ತಿರದ ಒಂದು ಸಣ್ಣ ಚಾರ್ಟರ್ ಶಾಲೆಯ (ಸರ್ಕಾರದ ಹಣದಲ್ಲಿ, ಆದರೆ ಚಾರ್ಟರ್ ಎಂಬ ಒಪ್ಪಂದದ ಮೇಲೆ ತನ್ನದೇ ಆಡಳಿತದಲ್ಲಿ ನಡೆಯುವ ಶಾಲೆ) ಲಾಟರಿಯಲ್ಲಿ ಅವನ ಹೆಸರು ಬಂದಿದೆ. 6ರಿಂದ 12ನೇ ತರಗತಿವರೆಗೆ ಎಲ್ಲ ಸೇರಿ 160 ಮಕ್ಕಳು. ಪಾಠವೆಲ್ಲ ಪ್ರಾಜೆಕ್ಟ್ ಮೂಲಕವೇ ಅನ್ನುತ್ತಾರೆ. ಪಠ್ಯಪುಸ್ತಕ ಕಡಿಮೆ, ಪೀರಿಯಡ್ ಬೆಲ್ ಇಲ್ಲ, ಸೆಮಿಸ್ಟರ್ ಕೊನೆಗೆ ಎಕ್ಸಿಬಿಷನ್. ಎಕ್ಸಿಬಿಷನ್ ನೋಡಿಕೊಂಡು ಬಂದೆವು, ಮಕ್ಕಳು ಚೆನ್ನಾಗಿ ಮಾತಾಡಿದರು. ಆದರೆ ಅದರಿಂದ ಅವರು ಎಷ್ಟು ಕಲಿತಿದ್ದಾರೆ ಅನ್ನುವುದು ಗೊತ್ತಾಗಲಿಲ್ಲ.

ಕೇಳಬೇಕಾದದ್ದು ಇಷ್ಟು: ಪ್ರಾಜೆಕ್ಟ್ ನಿಜವಾಗಿ ಗಟ್ಟಿಯಾಗಿದೆಯೇ ಅಂತ ಹೊರಗಿನವರು ಪರೀಕ್ಷಿಸುವುದು ಹೇಗೆ? ಗಣಿತದ ಕಥೆ ಏನು? ಮುಂದೆ ಯೂನಿವರ್ಸಿಟಿ ಪ್ರವೇಶಕ್ಕೆ ತೊಂದರೆ ಆಗುತ್ತದೆಯೇ? ಇಷ್ಟು ಸಣ್ಣ ಶಾಲೆ ನಡುವೆ ಮುಚ್ಚಿಹೋದರೆ? ಮಗನಿಗೆ ಸ್ಪೀಚ್ ಥೆರಪಿಗಾಗಿ ಐಇಪಿ (ವಿಶೇಷ ನೆರವು ಬೇಕಾದ ಮಗುವಿಗೆ ಶಾಲೆ ಬರೆದುಕೊಡುವ ಯೋಜನೆ) ಕೂಡ ಇದೆ. ಇನ್ನೊಂದು, ನಾವು ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ ಹೋಗುವವರು.

ಉತ್ತರ ಕೊಡಲು ಶಾಲೆ ಹತ್ತು ದಿನ ಕೊಟ್ಟಿದೆ. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

---

ಪಾಟಿ_ಬಳಪ

ಎಕ್ಸಿಬಿಷನ್‌ನಲ್ಲಿ ಕಾಣುವುದು ಕೊನೆಯ ವಾರದ ಕೆಲಸ. ಕಲಿಕೆ ಆಗಿದೆಯೋ ಇಲ್ಲವೋ ಅನ್ನುವುದು ಅದಕ್ಕೂ ಹಿಂದಿನ ಐದಾರು ವಾರಗಳ ಕಾಗದದಲ್ಲಿ ಇರುತ್ತದೆ. ಶಾಲೆಗೆ ಇನ್ನೊಮ್ಮೆ ಹೋಗಿ, ಈ ವರ್ಷ 7ನೇ ತರಗತಿಯವರು ಮುಗಿಸಿದ ಯಾವುದಾದರೂ ಒಂದು ಪ್ರಾಜೆಕ್ಟಿನ ಪೂರ್ತಿ ಫೈಲ್ ತೋರಿಸಿ ಅಂತ ಕೇಳಿ. ಮಕ್ಕಳ ಹೆಸರು ಮುಚ್ಚಿ ಕೊಡಲಿ, ಪರವಾಗಿಲ್ಲ. ಅದರಲ್ಲಿ ಶಿಕ್ಷಕರು ಶುರುವಿಗೆ ಮೊದಲು ಬರೆದ ಯೋಜನೆ ಇರಬೇಕು, ಒಬ್ಬ ವಿದ್ಯಾರ್ಥಿಯ ಎಲ್ಲ ಡ್ರಾಫ್ಟ್‌ಗಳು ಇರಬೇಕು, ಅಂಕ ಹಾಕಿದ ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ) ಇರಬೇಕು. ತರಗತಿಯ ಜಾಣ ಮಗುವಿನ ಫೈಲ್ ಬೇಡ ಅನ್ನಿ, ನಡುವಿನ ಮಗುವಿನದ್ದು ಕೇಳಿ. ಜಾಣ ಮಗು ಎಲ್ಲಿದ್ದರೂ ಕಲಿಯುತ್ತದೆ. ಶಾಲೆಯ ಕೆಲಸ ಕಾಣುವುದು ನಡುವಿನ ಮಗುವಿನ ಮೊದಲ ಡ್ರಾಫ್ಟಿಗೂ ಮೂರನೆಯ ಡ್ರಾಫ್ಟಿಗೂ ಇರುವ ವ್ಯತ್ಯಾಸದಲ್ಲಿ.

ಈ ಬಗೆಯ ಶಾಲೆಗಳು ಎಲ್ಲಿಂದ ಬಂದವು ಅನ್ನುವುದು ಗೊತ್ತಿದ್ದರೆ ಏನನ್ನು ನಿರೀಕ್ಷಿಸಬಹುದು ಅನ್ನುವುದೂ ಗೊತ್ತಾಗುತ್ತದೆ. ಅಮೆರಿಕದ ಮೊದಲ ಚಾರ್ಟರ್ ಕಾನೂನು ಮಿನೆಸೋಟಾದಲ್ಲಿ 1991ರಲ್ಲಿ ಬಂತು. ಮೊದಲ ಶಾಲೆ ಸೇಂಟ್ ಪಾಲ್‌ನ ಸಿಟಿ ಅಕಾಡೆಮಿ, 1992ರಲ್ಲಿ. ಕ್ಯಾಲಿಫೋರ್ನಿಯಾದ ಕಾನೂನು ಬಂದದ್ದೂ 1992ರಲ್ಲೇ. 1994ರಲ್ಲಿ ಮಿನೆಸೋಟಾ ನ್ಯೂ ಕಂಟ್ರಿ ಸ್ಕೂಲ್ ಶುರುವಾಯಿತು. ಹಳ್ಳಿಗಾಡಿನ ಸಣ್ಣ ಶಾಲೆ, ಪೂರ್ತಿ ಪ್ರಾಜೆಕ್ಟ್ ಮೇಲೆ ನಡೆಯುವಂಥದ್ದು. ಮರುವರ್ಷ, 1995ರ ಆಗಸ್ಟ್‌ನಲ್ಲಿ, ಅಲ್ಲಿನ ಮಕ್ಕಳು ಹೆಂಡರ್ಸನ್ ಬಳಿಯ ಒಂದು ಕೊಳದ ಹತ್ತಿರ ಹಿಡಿದ ಕಪ್ಪೆಗಳಲ್ಲಿ ಅರ್ಧದಷ್ಟಕ್ಕೆ ಕಾಲು ಸೊಟ್ಟ, ಕೆಲವಕ್ಕೆ ಕಾಲೇ ಇಲ್ಲ. ಶಾಲೆ ಅದನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಗೆ ತಿಳಿಸಿತು, ಅಲ್ಲಿಂದ ದೊಡ್ಡ ತನಿಖೆಯೇ ನಡೆಯಿತು. ನಂತರದ ಸಂಶೋಧನೆಯಲ್ಲಿ ರಿಬೆರೋಯಿಯಾ ಎಂಬ ಪರಾವಲಂಬಿ ಹುಳ ಒಂದು ಮುಖ್ಯ ಕಾರಣ ಅಂತ ಕಂಡುಬಂತು, ರಾಸಾಯನಿಕಗಳ ಪಾತ್ರದ ಬಗ್ಗೆ ಚರ್ಚೆ ಬಹಳ ಕಾಲ ನಡೆಯಿತು. ಕಾರಣ ಪತ್ತೆ ಮಾಡಿದ್ದು ಮಕ್ಕಳಲ್ಲ. ಅವರು ಮಾಡಿದ್ದು ಎಣಿಸಿದ್ದು, ಬರೆದಿಟ್ಟದ್ದು, ಸರಿಯಾದವರಿಗೆ ತಿಳಿಸಿದ್ದು. ಪ್ರಾಜೆಕ್ಟ್‌ನಿಂದ ಶಾಲಾಮಕ್ಕಳು ಕಲಿಯಬೇಕಾದ ಮುಖ್ಯ ಶಿಸ್ತು ಅದೇ.

ಈಗ ಫೈಲ್ ಓದುವುದು ಹೇಗೆ ಅಂತ ನೋಡೋಣ. ಬಹಳ ಶಾಲೆಗಳು ಮಾಡುವ ಹಳ್ಳದ ನೀರಿನ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ.

ಮೊದಲು ಪ್ರಶ್ನೆ. "ನಮ್ಮ ಹಳ್ಳ ಶುದ್ಧವಾಗಿದೆಯೇ?" ಅಂತ ಇದ್ದರೆ ದುರ್ಬಲ ಯೋಜನೆ. ಅದಕ್ಕೆ ಉತ್ತರ ಗೂಗಲ್ ಮಾಡಿ ಪೋಸ್ಟರ್ ಅಂಟಿಸಬಹುದು. "ರಸ್ತೆಯ ಮಳೆನೀರಿನ ಪೈಪು ಹಳ್ಳಕ್ಕೆ ಸೇರುವ ಜಾಗದಿಂದ 50 ಮೀಟರ್ ಮೇಲಕ್ಕೂ 50 ಮೀಟರ್ ಕೆಳಕ್ಕೂ ನೀರಿನಲ್ಲಿ ಏನು ವ್ಯತ್ಯಾಸವಿದೆ?" ಅಂತ ಇದ್ದರೆ ಅಳೆಯಲೇಬೇಕು, ಬೇರೆ ದಾರಿಯಿಲ್ಲ.

ಆಮೇಲೆ ವಾರಗಳ ಹಂಚಿಕೆ. ಆರು ವಾರದ ಪ್ರಾಜೆಕ್ಟಿಗೆ ನನ್ನ ಪ್ರಕಾರ ಸರಿಯಾದ ಅಳತೆ ಹೀಗೆ: ಮೊದಲ ವಾರ ಹಳ್ಳ ನೋಡಿ ಬರುವುದು, ಪ್ರಶ್ನೆ ಗಟ್ಟಿ ಮಾಡುವುದು, ಕರಗಿದ ಆಮ್ಲಜನಕ, ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ), ನೈಟ್ರೇಟ್ ಅಂದರೆ ಏನು ಅನ್ನುವ ನೇರ ಪಾಠ. ಎರಡನೆಯ ವಾರ ತರಗತಿಯಲ್ಲೇ ನಲ್ಲಿ ನೀರಿನಲ್ಲಿ ಉಪಕರಣ ಅಭ್ಯಾಸ. ಮೂರು, ನಾಲ್ಕನೆಯ ವಾರ ಕನಿಷ್ಠ ಎರಡು ಸಲ ಹಳ್ಳಕ್ಕೆ ಹೋಗಿ ಅಳತೆ. ಐದನೆಯ ವಾರ ಲೆಕ್ಕ, ಗ್ರಾಫ್, ಮೊದಲ ಡ್ರಾಫ್ಟ್. ಆರನೆಯದರಲ್ಲಿ ವಿಮರ್ಶೆ, ಮರುಬರಹ, ಪ್ರದರ್ಶನ. ಎರಡನೆಯ ವಾರದ ಅಭ್ಯಾಸವನ್ನು ಬಿಟ್ಟು ನೇರ ಹಳ್ಳಕ್ಕೆ ಇಳಿಯುವ ಶಾಲೆಗಳೇ ಹೆಚ್ಚು, ಅಲ್ಲಿಂದಲೇ ಕೆಡುವುದು ಶುರು.

ಏನೇನು ಕೆಡುತ್ತದೆ ಅಂದರೆ:

ಪಿಎಚ್ ಮೀಟರನ್ನು ಆ ದಿನ ಬೆಳಿಗ್ಗೆ 4, 7 ಮತ್ತು 10ರ ಬಫರ್ ದ್ರಾವಣದಲ್ಲಿ ಹೊಂದಿಸದೆ ಒಯ್ದರೆ ಒಂದು ಗುಂಪಿಗೆ 6.4, ಪಕ್ಕದ ಗುಂಪಿಗೆ 7.8 ಬರುತ್ತದೆ. ಮಕ್ಕಳು ಅದನ್ನು ಹಳ್ಳದ ವ್ಯತ್ಯಾಸ ಅಂತ ಬರೆದುಬಿಡುತ್ತಾರೆ.

ಕರಗಿದ ಆಮ್ಲಜನಕದಲ್ಲಿ ಎರಡು ಗುಂಡಿಗಳಿವೆ. ಒಂದು ತಾಪಮಾನ. ತಣ್ಣೀರು ಹೆಚ್ಚು ಆಮ್ಲಜನಕ ಹಿಡಿದಿಡುತ್ತದೆ: ಸಮುದ್ರಮಟ್ಟದಲ್ಲಿ 10 ಡಿಗ್ರಿಗೆ ಲೀಟರಿಗೆ ಗರಿಷ್ಠ ಸುಮಾರು 11.3 ಮಿಲಿಗ್ರಾಂ, 20 ಡಿಗ್ರಿಗೆ 9.1, 25ಕ್ಕೆ 8.3. ತಾಪಮಾನ ಬರೆದುಕೊಳ್ಳದೆ ಬರೀ ಆಮ್ಲಜನಕದ ಅಂಕಿ ತಂದರೆ ಅದರಿಂದ ಪ್ರಯೋಜನವಿಲ್ಲ. ಇನ್ನೊಂದು ಹೊತ್ತು. ಬಿಸಿಲು ಏರಿದಂತೆ ಪಾಚಿ ಆಮ್ಲಜನಕ ಬಿಡುತ್ತದೆ, ಹಾಗಾಗಿ ನಸುಕಿನಲ್ಲಿ ಕಡಿಮೆ, ಮಧ್ಯಾಹ್ನ ಹೆಚ್ಚು. ಒಂದು ಗುಂಪು ಬೆಳಿಗ್ಗೆ ಎಂಟೂವರೆಗೆ ಮೇಲಿನ ಜಾಗದಲ್ಲಿ, ಇನ್ನೊಂದು ಮಧ್ಯಾಹ್ನ ಒಂದೂವರೆಗೆ ಕೆಳಗಿನ ಜಾಗದಲ್ಲಿ ಅಳೆದರೆ "ಕೆಳಗಿನ ನೀರೇ ಚೆನ್ನಾಗಿದೆ" ಅಂತ ಸುಳ್ಳು ತೀರ್ಮಾನ ಬರುತ್ತದೆ. ಎರಡೂ ಕಡೆ ಒಂದೇ ಹೊತ್ತಿಗೆ, ತಲಾ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಆಮ್ಲಜನಕವನ್ನು ರಾಸಾಯನಿಕದಿಂದ ಅಳೆಯುವ ವಿಂಕ್ಲರ್ ಕಿಟ್ ಬಳಸಿದರೆ ಬಾಟಲಿಯನ್ನು ನೀರಿನೊಳಗೇ ತುಂಬಿಸಿ ಅಲ್ಲೇ ಮುಚ್ಚಳ ಹಾಕಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಅಂಕಿ ತಪ್ಪುತ್ತದೆ. ಆ ಕಿಟ್‌ನಲ್ಲಿ ಆಮ್ಲ ಇರುತ್ತದೆ, ಕನ್ನಡಕ ಮತ್ತು ಕೈಗವಸು ಕಡ್ಡಾಯ, ಉಳಿದ ದ್ರಾವಣ ಹಳ್ಳಕ್ಕೆ ಚೆಲ್ಲದೆ ಡಬ್ಬಿಯಲ್ಲಿ ವಾಪಸ್ ತರಬೇಕು.

ನೈಟ್ರೇಟ್ ಅಳೆಯುವ ಕಾಗದದ ಪಟ್ಟಿಗಳಲ್ಲಿ ಎರಡು ಅಳತೆ ಪದ್ಧತಿಗಳಿವೆ. ಕೆಲವು ನೈಟ್ರೇಟನ್ನು ಹೇಳುತ್ತವೆ, ಕೆಲವು ಅದರೊಳಗಿನ ನೈಟ್ರೋಜನ್ ಮಾತ್ರ ಹೇಳುತ್ತವೆ. ನೈಟ್ರೋಜನ್ ಲೆಕ್ಕದ ಲೀಟರಿಗೆ 10 ಮಿಲಿಗ್ರಾಂ ಅಂದರೆ ನೈಟ್ರೇಟ್ ಲೆಕ್ಕದಲ್ಲಿ ಸುಮಾರು 44. ಕುಡಿಯುವ ನೀರಿನ ಮಿತಿ 10 ಅನ್ನುವುದು ನೈಟ್ರೋಜನ್ ಲೆಕ್ಕ. ಇದನ್ನು ಬೆರೆಸಿ "ನಮ್ಮ ಹಳ್ಳ ವಿಷ" ಅಂತ ಫಲಕ ಬರೆದರೆ ಊರಿಗೆಲ್ಲ ಸುಳ್ಳು ಸುದ್ದಿ. ಫೈಲ್‌ನಲ್ಲಿ ಶಿಕ್ಷಕರು ಈ ಬಗ್ಗೆ ಡ್ರಾಫ್ಟಿನ ಅಂಚಿನಲ್ಲಿ ಏನಾದರೂ ಬರೆದಿದ್ದಾರಾ ನೋಡಿ. ಬರೆದಿದ್ದರೆ ಆ ಶಿಕ್ಷಕರಿಗೆ ವಿಷಯ ಗೊತ್ತಿದೆ, ಮಗುವನ್ನು ಧೈರ್ಯವಾಗಿ ಕಳಿಸಬಹುದು.

ನಿಮ್ಮ ಕಡೆ ಬೇಸಿಗೆಯಲ್ಲಿ ಹಳ್ಳಗಳು ಬತ್ತುತ್ತವೆ, ಹಾಗಾಗಿ ಇದನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಇಟ್ಟುಕೊಂಡಿರಬೇಕು. ಮಳೆ ನಿಂತು 72 ಗಂಟೆ ಕಳೆಯುವವರೆಗೆ ಸಮುದ್ರಕ್ಕೆ ಇಳಿಯಬೇಡಿ ಅಂತ ಕೌಂಟಿಯವರೇ ಹೇಳುತ್ತಾರೆ. ಊರ ಕೊಳೆಯೆಲ್ಲ ಕೊಚ್ಚಿ ಬರುವ ಹಳ್ಳಕ್ಕೂ ಆ ನಿಯಮ ಪಾಲಿಸುವ ಶಾಲೆ ಒಳ್ಳೆಯದು. ನೀರಹುಳ ಹಿಡಿದು ನೋಡುವುದಿದ್ದರೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಅನುಮತಿ ಬೇಕೇ ಅಂತ ಮೊದಲೇ ವಿಚಾರಿಸಿರಬೇಕು. ಯೋಜನೆಯ ಕಾಗದದಲ್ಲಿ ಇಂಥ ಸಾಲುಗಳು ಇದ್ದರೆ ಅದನ್ನು ಹಿಂದೊಮ್ಮೆ ನಡೆಸಿದವರು ಬರೆದಿದ್ದಾರೆ ಅಂತ ತಿಳಿಯಬಹುದು.

ಕೊನೆಗೆ ಅಂಕ. ನಾಲ್ಕು ಜನರ ಗುಂಪಿಗೆ ಒಂದೇ ಅಂಕ ಕೊಡುವ ಪದ್ಧತಿ ಇದ್ದರೆ ಅಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ಒಬ್ಬ ಬಣ್ಣ ಹಚ್ಚುತ್ತಾನೆ, ಒಬ್ಬ ಕೂತಿರುತ್ತಾನೆ. ವಸ್ತು ಗುಂಪಿನದ್ದಾಗಿರಲಿ, ವರದಿ, ಲೆಕ್ಕ ಮತ್ತು ಹತ್ತು ನಿಮಿಷದ ಮೌಖಿಕ ಪ್ರಶ್ನೆ ಪ್ರತಿ ಮಗುವಿಗೂ ಬೇರೆ ಬೇರೆ ಇರಬೇಕು. "ನನ್ನ ಮಗ ಗುಂಪಿನಲ್ಲಿ ಸುಮ್ಮನೆ ಕೂತರೆ ನಿಮಗೆ ಎಷ್ಟನೆಯ ದಿನ ಗೊತ್ತಾಗುತ್ತದೆ, ಹೇಗೆ ಗೊತ್ತಾಗುತ್ತದೆ?" ಅಂತ ನೇರವಾಗಿ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಬಹಳ ತಿಳಿಯುತ್ತದೆ.

---

ಜಮಾ_ಖರ್ಚು

ಪಾಠದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ದುಡ್ಡಿನದ್ದು ಹೇಳುತ್ತೇನೆ, ಯಾಕೆಂದರೆ ಸಣ್ಣ ಚಾರ್ಟರ್ ಶಾಲೆ ಮುಚ್ಚುವುದು ಹೆಚ್ಚಾಗಿ ದುಡ್ಡಿನಿಂದ.

ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ಹಣ ಬರುವುದು ಸರಾಸರಿ ದೈನಂದಿನ ಹಾಜರಿಯ ಲೆಕ್ಕದಲ್ಲಿ, ರಿಜಿಸ್ಟರಿನಲ್ಲಿ ಎಷ್ಟು ಹೆಸರಿದೆ ಅಂತ ನೋಡಿ ಅಲ್ಲ. 160 ಮಕ್ಕಳು, ಹಾಜರಿ 94 ಶೇಕಡಾ ಅಂದರೆ ಲೆಕ್ಕಕ್ಕೆ ಸಿಗುವುದು 150.4. ಉದಾಹರಣೆಗೆ ತಲೆಗೆ 12,000 ಡಾಲರ್ ಅಂತ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 18 ಲಕ್ಷ ಡಾಲರ್. ಹತ್ತು ಮಕ್ಕಳು ಬಿಟ್ಟುಹೋದರೆ 1,12,800 ಡಾಲರ್ ಕಡಿಮೆ. ಒಬ್ಬ ಶಿಕ್ಷಕರ ಸಂಬಳ ಸವಲತ್ತು ಅಲ್ಲಿಗೆ ಹೋಯಿತು. ದೊಡ್ಡ ಶಾಲೆಯಲ್ಲಿ ಹತ್ತು ಮಕ್ಕಳು ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ, ಇಲ್ಲಿ ಒಂದು ತರಗತಿಯ ಶಿಕ್ಷಕರೇ ಇಲ್ಲವಾಗುತ್ತಾರೆ. ನಿಮ್ಮ ಊರಿನಲ್ಲೇ 2000ದಲ್ಲಿ ಶುರುವಾದ ಹೈ ಟೆಕ್ ಹೈ ಈಗ ಹಲವು ಶಾಲೆಗಳ ಜಾಲ. ಲೆಕ್ಕಪತ್ರ, ಕಟ್ಟಡ, ಶಿಕ್ಷಕರ ತರಬೇತಿಯ ಖರ್ಚು ಹಂಚಿಹೋಗುತ್ತದೆ. ಒಂಟಿ ಶಾಲೆಗೆ ಆ ಅನುಕೂಲ ಇಲ್ಲ. ನಿಮ್ಮದು ಒಂಟಿಯೋ ಜಾಲದ ಭಾಗವೋ ಮೊದಲು ತಿಳಿದುಕೊಳ್ಳಿ.

ಕೇಳಬೇಕಾದ ಕಾಗದಗಳು, ಎಲ್ಲವೂ ಸಾರ್ವಜನಿಕ:

ಕಳೆದ ಮೂರು ವರ್ಷದ ಆಡಿಟ್ ವರದಿ. ಪ್ರತಿವರ್ಷ ಡಿಸೆಂಬರ್ 15ರೊಳಗೆ ಸಲ್ಲಿಸಬೇಕು. ಶಾಲೆ ಮುಂದುವರಿಯುವ ಬಗ್ಗೆ ಆಡಿಟರ್ ಸಂಶಯ ವ್ಯಕ್ತಪಡಿಸಿದ್ದಾರಾ, ಹಾಜರಿ ದಾಖಲೆಯಲ್ಲಿ ತಪ್ಪು ಎತ್ತಿದ್ದಾರಾ, ಈ ಎರಡನ್ನು ಮೊದಲು ಹುಡುಕಿ. ಹಾಜರಿ ದಾಖಲೆ ಸರಿಯಿಲ್ಲದಿದ್ದರೆ ಬಂದ ಹಣವನ್ನೇ ವಾಪಸ್ ಕಟ್ಟಬೇಕಾಗುತ್ತದೆ.

ಕೈಯಲ್ಲಿರುವ ನಗದು. ಎರಡು ಮೂರು ತಿಂಗಳ ಖರ್ಚಿನಷ್ಟು ಇರಲೇಬೇಕು ಅಂತ ನನ್ನ ಅಭಿಪ್ರಾಯ. 2020-21ರಲ್ಲಿ ರಾಜ್ಯ ಸರ್ಕಾರ ಶಾಲೆಗಳಿಗೆ ಕೊಡಬೇಕಾದ ಕಂತುಗಳನ್ನೇ ಮುಂದೂಡಿತ್ತು. ಅಂಥ ಹೊತ್ತಿನಲ್ಲಿ ನಗದು ಇಲ್ಲದ ಶಾಲೆ ಬಡ್ಡಿಗೆ ಸಾಲ ತರುತ್ತದೆ.

ಬಾಡಿಗೆ. ಶಾಲಾ ಜಿಲ್ಲೆಯೊಳಗಿನ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಮಕ್ಕಳ ಹಾಜರಿ ಲೆಕ್ಕ 80 ಮುಟ್ಟಿದರೆ ಚಾರ್ಟರ್ ಶಾಲೆ ಪ್ರಾಪ್ 39 ಎಂಬ ರಾಜ್ಯದ ಕಾನೂನಿನ ಪ್ರಕಾರ ಆ ಜಿಲ್ಲೆಯಿಂದ ಕಟ್ಟಡ ಕೇಳಬಹುದು. 160 ಮಕ್ಕಳಿದ್ದರೂ ಅರ್ಧಕ್ಕಿಂತ ಹೆಚ್ಚು ಬೇರೆ ಜಿಲ್ಲೆಯಿಂದ ಬಂದರೆ ಆ ಹಕ್ಕು ಸಿಗುವುದಿಲ್ಲ, ಖಾಸಗಿ ಕಟ್ಟಡವೇ ಗತಿ. ಬಾಡಿಗೆ ಒಟ್ಟು ಆದಾಯದ 15 ಶೇಕಡಾ ದಾಟಿದ್ದರೆ ಜಾಗ್ರತೆ. ಬಾಡಿಗೆ ಕರಾರು ಯಾವ ವರ್ಷ ಮುಗಿಯುತ್ತದೆ ಅಂತಲೂ ನೋಡಿ.

ಚಾರ್ಟರ್ ನವೀಕರಣದ ವರ್ಷ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ. 2019ರ ಎಬಿ 1505 ಕಾನೂನು ಬಂದ ಮೇಲೆ ಫಲಿತಾಂಶ ಚೆನ್ನಾಗಿದ್ದ ಶಾಲೆಗೆ ಏಳು ವರ್ಷದವರೆಗೂ ಸಿಗಬಹುದು, ಕೆಳಮಟ್ಟದಲ್ಲಿದ್ದರೆ ನವೀಕರಣವೇ ಕಷ್ಟ, ಸಿಕ್ಕಿದರೂ ಎರಡು ವರ್ಷ. ನಿಮ್ಮ ಮಗ 8ರಲ್ಲಿದ್ದಾಗ ನವೀಕರಣ ಬರುವಂತಿದ್ದರೆ ಈಗಲೇ ಶಾಲೆ ಫಲಿತಾಂಶದ ಯಾವ ಗುಂಪಿನಲ್ಲಿದೆ ಅಂತ ಕೇಳಿ. ಇದೇ ಕಾನೂನಿನ ಪ್ರಕಾರ ಶಿಕ್ಷಕರಿಗೆ ತಾವು ಕಲಿಸುವ ವಿಷಯದ ಕ್ರೆಡೆನ್ಶಿಯಲ್ (ಕಲಿಸಲು ರಾಜ್ಯ ಕೊಡುವ ಪರವಾನಗಿ) ಬೇಕು. ಶಿಕ್ಷಕರ ಹೆಸರು ಹಾಕಿ ರಾಜ್ಯದ ಜಾಲತಾಣದಲ್ಲಿ ನೋಡಬಹುದು.

ಚಾರ್ಟರ್ ಬೋರ್ಡಿನ ಸಾಮಾನ್ಯ ಸಭೆ ಸಾರ್ವಜನಿಕ. 72 ಗಂಟೆ ಮೊದಲು ಅಜೆಂಡಾ ಹಾಕಬೇಕು. ಹಿಂದಿನ ಆರು ಸಭೆಗಳ ನಡಾವಳಿ ಓದಿ. ಒಂದೇ ವರ್ಷದಲ್ಲಿ ಪ್ರಿನ್ಸಿಪಾಲ್ ಬದಲಾಗಿದ್ದರೆ, ಮೂರು ಸಭೆ ಕೋರಂ ಇಲ್ಲದೆ ನಿಂತಿದ್ದರೆ ಅದು ಅಲ್ಲೇ ಕಾಣುತ್ತದೆ.

ಇನ್ನು, ಫೀಸು ಇಲ್ಲ. ಪ್ರಾಜೆಕ್ಟಿನ ಸಾಮಾನಿಗೂ, ಪ್ರವಾಸಕ್ಕೂ ಕಡ್ಡಾಯವಾಗಿ ಹಣ ಕೇಳುವಂತಿಲ್ಲ, ದೇಣಿಗೆ ನಿಮ್ಮಿಷ್ಟ. ತಂದೆತಾಯಿ ಇಷ್ಟು ಗಂಟೆ ಸ್ವಯಂಸೇವೆ ಮಾಡಲೇಬೇಕು ಅನ್ನುವ ಷರತ್ತೂ ಹಾಕುವಂತಿಲ್ಲ. ದಾಖಲಾಗುವ ಮೊದಲು ಅಂಕಪಟ್ಟಿ, ಐಇಪಿ ಕಾಗದ ಕೇಳುವಂತಿಲ್ಲ.

ಐಇಪಿ ಬಗ್ಗೆ ಒಂದು ಮಾತು: ವಿಶೇಷ ಶಿಕ್ಷಣದ ಜವಾಬ್ದಾರಿ ಚಾರ್ಟರ್ ಶಾಲೆಗೂ ಪೂರ್ತಿ ಇದೆ. ಕೇಳಬೇಕಾದದ್ದು, ಈ ವಿಷಯದಲ್ಲಿ ಶಾಲೆ ಶಾಲಾ ಜಿಲ್ಲೆಯ ಭಾಗವೋ ಅಥವಾ ಸ್ವತಂತ್ರವಾಗಿ ಯಾವುದಾದರೂ ಸೆಲ್ಪಾದ (ವಿಶೇಷ ಶಿಕ್ಷಣಕ್ಕಾಗಿ ಇರುವ ಪ್ರಾದೇಶಿಕ ಒಕ್ಕೂಟ) ಸದಸ್ಯವೋ ಅಂತ. ಜಿಲ್ಲೆಯ ಭಾಗವಾದರೆ ಸ್ಪೀಚ್ ಥೆರಪಿಸ್ಟ್ ಹೆಚ್ಚಾಗಿ ಜಿಲ್ಲೆಯಿಂದ ಬರುತ್ತಾರೆ. ಸ್ವತಂತ್ರವಾದರೆ ಸಣ್ಣ ಶಾಲೆಗಳು ಗುತ್ತಿಗೆ ಥೆರಪಿಸ್ಟ್ ಇಟ್ಟಿರುತ್ತವೆ, ವಾರದ ಯಾವ ದಿನ ಬರುತ್ತಾರೆ, ಆನ್‌ಲೈನ್‌ನಲ್ಲೋ ಎದುರಿಗೋ ಅಂತ ಕೇಳಿ.

---

ಗುಣಿಸು_ಭಾಗಿಸು

ಗಣಿತದ ಬಗ್ಗೆ ಬರೆಯುತ್ತೇನೆ. ಇದರಲ್ಲಿ ರಾಜಿ ಬೇಡ.

ಇತಿಹಾಸ, ವಿಜ್ಞಾನ, ಬರವಣಿಗೆ ಪ್ರಾಜೆಕ್ಟ್ ಒಳಗೆ ಚೆನ್ನಾಗಿ ಕೂರುತ್ತವೆ. ಗಣಿತ ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟುವ ವಿಷಯ, ಪ್ರಾಜೆಕ್ಟ್ ಕೇಳುವ ಕ್ರಮದಲ್ಲಿ ಅದು ಬರುವುದಿಲ್ಲ. ಮೇಲಿನ ಹಳ್ಳದ ಉದಾಹರಣೆಯನ್ನೇ ನೋಡಿ: ಸರಾಸರಿ, ಶೇಕಡಾ, ಗ್ರಾಫ್. ಮುಂದಿನ ಪ್ರಾಜೆಕ್ಟ್ ತೋಟದ್ದಾದರೂ ಮತ್ತೆ ಸರಾಸರಿ, ಶೇಕಡಾ, ಗ್ರಾಫ್. 7ನೇ ತರಗತಿಯಲ್ಲಿ ಕಲಿಯಬೇಕಾದ ಋಣ ಸಂಖ್ಯೆಗಳ ಗುಣಾಕಾರ, ಆವರಣ ಬಿಡಿಸಿ ಸಮೀಕರಣ ಮಾಡುವುದು, ಅಸಮತೆ ಇವು ಯಾವ ಹಳ್ಳದಲ್ಲೂ ತಾವಾಗಿ ಎದುರಾಗುವುದಿಲ್ಲ. 8ರಲ್ಲಿ ರೇಖೀಯ ಸಮೀಕರಣ ಜೋಡಿ, ಇಳಿಜಾರು, ಪೈಥಾಗರಸ್ ಬಂದಾಗ ಮಗು ತಡವರಿಸುತ್ತದೆ. ಆಗ ತಂದೆತಾಯಿ ಟ್ಯೂಷನ್ ಹಾಕುತ್ತಾರೆ, ಶಾಲೆ ಆ ಅಂಕ ತನ್ನದು ಅಂದುಕೊಳ್ಳುತ್ತದೆ.

ಹಾಗಾಗಿ ಕೇಳಿ: ಗಣಿತಕ್ಕೆ ಪ್ರತ್ಯೇಕ ಹೊತ್ತು ಇದೆಯೇ, ವಾರಕ್ಕೆ ಎಷ್ಟು ನಿಮಿಷ? ವಾರಕ್ಕೆ 225 ನಿಮಿಷ, ಅಂದರೆ ದಿನಕ್ಕೆ 45, ಇದಕ್ಕಿಂತ ಕಡಿಮೆ ಇರಬಾರದು ಅನ್ನುವುದು ನನ್ನ ನಿಲುವು. ಯಾವ ಪಠ್ಯಕ್ರಮ ಬಳಸುತ್ತಾರೆ, ಹೆಸರು ಹೇಳಲಿ. "ನಾವೇ ತಯಾರಿಸುತ್ತೇವೆ" ಅಂದರೆ ವರ್ಷದ ಪಾಠಪಟ್ಟಿ ತೋರಿಸಲಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಆ ಶಾಲೆಯಲ್ಲಿ 7 ಮುಗಿಸುತ್ತಿರುವ ಪರಿಚಯದ ಮಗು ಇದ್ದರೆ ಎರಡೇ ಲೆಕ್ಕ ಕೊಡಿ. −3(2x − 5) = 27 ಆದರೆ x ಎಷ್ಟು? ವ್ಯಾಸ 14 ಸೆಂಟಿಮೀಟರ್ ಇರುವ ವೃತ್ತದ ವಿಸ್ತೀರ್ಣ ಎಷ್ಟು? ಮೊದಲನೆಯದಕ್ಕೆ −2, ಎರಡನೆಯದಕ್ಕೆ ಸುಮಾರು 154 ಚದರ ಸೆಂಟಿಮೀಟರ್. ಮೊದಲನೆಯದರಲ್ಲಿ −3 ಮತ್ತು −5 ಗುಣಿಸಿ −15 ಅಂತ ಬರೆದರೆ, ಎರಡನೆಯದರಲ್ಲಿ ತ್ರಿಜ್ಯದ ಬದಲು ವ್ಯಾಸವನ್ನೇ ವರ್ಗ ಮಾಡಿದರೆ ಎಲ್ಲಿ ಅಭ್ಯಾಸ ಸಾಲದು ಅಂತ ಗೊತ್ತಾಗುತ್ತದೆ.

ರಾಜ್ಯ ಪರೀಕ್ಷೆಯ ಫಲಿತಾಂಶ ಓದುವಾಗ ಎಚ್ಚರ. ಚಾರ್ಟರ್ ಶಾಲೆಗಳಿಗೂ 3ರಿಂದ 8 ಮತ್ತು 11ನೇ ತರಗತಿಯಲ್ಲಿ ಇಂಗ್ಲಿಷ್, ಗಣಿತದ ಪರೀಕ್ಷೆ ಇದೆ. ನಿಮ್ಮ ಶಾಲೆಯಲ್ಲಿ ತರಗತಿಗೆ 23 ಮಕ್ಕಳು ಅಂದುಕೊಳ್ಳಿ. ಒಂದು ಮಗು ಮೇಲೆ ಕೆಳಗೆ ಆದರೆ 4 ಶೇಕಡಾಗಿಂತ ಹೆಚ್ಚು ಬದಲಾಗುತ್ತದೆ. "ಕಳೆದ ವರ್ಷಕ್ಕಿಂತ 9 ಶೇಕಡಾ ಏರಿದೆ" ಅಂದರೆ ಇಬ್ಬರು ಮಕ್ಕಳು, ಅಷ್ಟೇ. ಶಾಲೆಗಳ ಸಾಧನೆಯನ್ನು ಬಣ್ಣದಲ್ಲಿ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡ್ ಜಾಲತಾಣದಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿಗೆ ಬಣ್ಣವನ್ನೇ ಕೊಡುವುದಿಲ್ಲ, 11ಕ್ಕಿಂತ ಕಡಿಮೆ ಇದ್ದರೆ ಅಂಕಿಯನ್ನೇ ತೋರಿಸುವುದಿಲ್ಲ. ಹಾಗಾಗಿ ಒಂದು ವರ್ಷ ನೋಡಬೇಡಿ. ಮೂರು ವರ್ಷ ತೆಗೆದುಕೊಂಡು ಒಂದೇ ಮಕ್ಕಳ ಗುಂಪು 6ರಲ್ಲಿ, 7ರಲ್ಲಿ, 8ರಲ್ಲಿ ಎಲ್ಲಿತ್ತು ಅಂತ ಸಾಲಾಗಿ ಬರೆದುಕೊಳ್ಳಿ. ಇಂಗ್ಲಿಷ್ ಏರುತ್ತಾ ಗಣಿತ ಇಳಿಯುತ್ತಿದ್ದರೆ ನಾನು ಮೇಲೆ ಹೇಳಿದ ಕಾಯಿಲೆಯೇ.

ಯೂನಿವರ್ಸಿಟಿ ವಿಷಯ: ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಎ-ಜಿ ಪಟ್ಟಿಯ 15 ವಾರ್ಷಿಕ ಕೋರ್ಸ್ ಬೇಕು: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಐಚ್ಛಿಕ 1. ಎಲ್ಲದರಲ್ಲೂ ಸಿ ಅಥವಾ ಮೇಲೆ. ಶಾಲೆ ಪ್ರಾಜೆಕ್ಟಿಗೆ ಏನೇ ಹೆಸರಿಟ್ಟಿರಲಿ, ಆ ಕೋರ್ಸ್ ಯೂನಿವರ್ಸಿಟಿಯ ಅನುಮೋದಿತ ಪಟ್ಟಿಯಲ್ಲಿ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಪಟ್ಟಿ ಆನ್‌ಲೈನ್‌ನಲ್ಲಿದೆ, ಶಾಲೆಯ ಹೆಸರು ಹಾಕಿ ಹುಡುಕಿ. ಇಷ್ಟು ಸಣ್ಣ ಶಾಲೆಯಲ್ಲಿ ಎಪಿ (ಕಾಲೇಜು ಮಟ್ಟದ) ಕೋರ್ಸ್‌ಗಳು ಕಡಿಮೆ ಇರುತ್ತವೆ, ಬದಲಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಓದಿಸುತ್ತಾರೆ. ಯಾವ ಕಾಲೇಜು, ಹೋಗಿಬರುವುದು ಹೇಗೆ ಅಂತ ಕೇಳಿ. ಮಗ ವಾರಾಂತ್ಯದ ಕನ್ನಡ ತರಗತಿಗೆ ಹೋಗುವವನಾದರೆ ಅದು ಭಾಷೆಯ ಕ್ರೆಡಿಟ್ ಆಗಿ ಸೇರುತ್ತದೆಯೇ ಅಂತ ಈಗಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

---

ಪಾಟಿ_ಬಳಪ

@ಗುಣಿಸು_ಭಾಗಿಸು ಅವರೇ, ಪ್ರತ್ಯೇಕ ಹೊತ್ತು ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಗಣಿತ ಪ್ರಾಜೆಕ್ಟ್‌ನಿಂದ ಪೂರ್ತಿ ಹೊರಗಿದ್ದರೆ ಇನ್ನೊಂದು ನಷ್ಟವಿದೆ. ಮೂರು ಅಳತೆಗಳು 7.9, 8.1, 5.2 ಅಂತ ಬಂದಾಗ ಸರಾಸರಿ 7.07 ಅಂತ ಬರೆದು ಮುಂದೆ ಹೋಗುವ ಮಗುವಿಗೆ ಸರಾಸರಿಯ ಸೂತ್ರ ಗೊತ್ತು, ಅಷ್ಟೇ. 5.2 ಯಾಕೆ ಬಂತು ಅಂತ ನಿಂತು, ನಾಲ್ಕನೆಯ ಸಲ ಅಳೆಯಬೇಕು ಅನ್ನುವ ಬುದ್ಧಿ ವರ್ಕ್‌ಶೀಟ್‌ನಿಂದ ಬರುವುದಿಲ್ಲ. ಗಣಿತದ ಶಿಕ್ಷಕರು ವಾರಕ್ಕೊಮ್ಮೆ ಪ್ರಾಜೆಕ್ಟಿನ ಹೊತ್ತಿನಲ್ಲಿ ಕೂರುತ್ತಾರಾ ಅಂತ ಕೇಳಿದರೆ ಎರಡೂ ಸಿಗುವ ಶಾಲೆಯೋ ಅಲ್ಲವೋ ಅಂತ ತಿಳಿಯುತ್ತದೆ.

---

ಗುಣಿಸು_ಭಾಗಿಸು

ಅದು ಸರಿ, ಅದಕ್ಕೆ ನನ್ನ ತಕರಾರಿಲ್ಲ. 225 ನಿಮಿಷದ *ಮೇಲೆ* ಆ ಒಂದು ಗಂಟೆ ಇರಲಿ.

---

ಮಲೆನಾಡ_ಮಳೆ

ಮೂವರಿಗೂ ತುಂಬಾ ಧನ್ಯವಾದ. ಫೈಲ್ ತೋರಿಸಲು ಶಾಲೆ ಒಪ್ಪಿದೆ, ಗುರುವಾರ ಹೋಗುತ್ತಿದ್ದೇವೆ. ಗಣಿತ ದಿನಾ 50 ನಿಮಿಷ ಪ್ರತ್ಯೇಕ ಇದೆಯಂತೆ. ನವೀಕರಣ ಮೂರು ವರ್ಷದ ಮೇಲೆ. ಒಂಟಿ ಶಾಲೆ, ಖಾಸಗಿ ಕಟ್ಟಡ. ಆಡಿಟ್ ವರದಿ ಇಳಿಸಿಕೊಂಡಿದ್ದೇನೆ. ಊರಿಗೆ ಹೋಗುವ ವಿಷಯ ಮಾತ್ರ ಉಳಿಯಿತು. ಐದು ವಾರ ಹೋದರೆ ಸೀಟು ಹೋಗುತ್ತದಾ?

---

ಜಮಾ_ಖರ್ಚು

ಐದು ವಾರದಲ್ಲಿ ಚಳಿಗಾಲದ ರಜೆ ಎಷ್ಟು ಸೇರುತ್ತದೆ ಅನ್ನುವುದರ ಮೇಲಿದೆ. ರಜೆ ಮೂರು ವಾರ ಇದ್ದರೆ ತಪ್ಪುವುದು ಸುಮಾರು 10 ಶಾಲಾ ದಿನ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದ ಅಂತ ಇದೆ, ಶಾಲೆಗೆ ಬಾರದೆಯೇ ಶಾಲೆ ಕೊಟ್ಟ ಕೆಲಸ ಮಾಡುವ ವ್ಯವಸ್ಥೆ. 15 ಶಾಲಾ ದಿನದೊಳಗಿನದ್ದಕ್ಕೆ ನಿಯಮ ಸಡಿಲ, ಅದನ್ನು ದಾಟಿದರೆ ಶಾಲೆ ನೇರ ಸಂಪರ್ಕ, ಮೇಲ್ವಿಚಾರಣೆಯ ಹೆಚ್ಚಿನ ಷರತ್ತು ಪೂರೈಸಬೇಕು, ಸಣ್ಣ ಶಾಲೆಗಳು ಅದಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಟಿಕೆಟ್ ಮಾಡುವ ಮೊದಲೇ ಶಾಲೆಗೆ ಇಂಡಿಪೆಂಡೆಂಟ್ ಸ್ಟಡಿ ನೀತಿ ಇದೆಯೇ ಕೇಳಿ. ಬೋರ್ಡ್ ಒಪ್ಪಿದ ಲಿಖಿತ ನೀತಿ ಇಲ್ಲದಿದ್ದರೆ ಒಪ್ಪಂದ ಮಾಡಲಾಗದು. ಒಪ್ಪಂದದಲ್ಲಿ ದಿನಾಂಕ, ಮಾಡಬೇಕಾದ ಕೆಲಸ, ಒಪ್ಪಿಸುವ ಕೊನೆಯ ದಿನ ಎಲ್ಲ ಇರುತ್ತದೆ. ನೀವು, ಮಗ, ಶಿಕ್ಷಕರು ಸಹಿ ಹಾಕಬೇಕು. ಕೆಲಸ ಒಪ್ಪಿಸಿದರೆ ಶಾಲೆಗೆ ಹಾಜರಿ ಹಣ ಸಿಗುತ್ತದೆ, ಒಪ್ಪಿಸದಿದ್ದರೆ ಸಿಗುವುದಿಲ್ಲ. ಅದಕ್ಕೇ ಅವರು ಕಟ್ಟುನಿಟ್ಟು.

ಒಪ್ಪಂದ ಇಲ್ಲದೆ ಹೋದರೆ ಗೈರುಹಾಜರಿ ಅಂತ ಹೆಸರು ತೆಗೆಯುವ ಕ್ರಮ ಶುರುವಾಗಬಹುದು. ತೆಗೆಯುವ ಮೊದಲು ಕನಿಷ್ಠ 5 ಶಾಲಾ ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಆ ನೋಟಿಸ್ ಬಂದಾಗ ನೀವು ಶಿವಮೊಗ್ಗದಲ್ಲಿದ್ದರೆ ಉತ್ತರಿಸಲು ಕಷ್ಟ, ವೇಟ್‌ಲಿಸ್ಟ್‌ನಲ್ಲಿ ಬೇರೆ ಮಗು ಕಾಯುತ್ತಿರುತ್ತದೆ.

---

ಪಾಟಿ_ಬಳಪ

ದಿನಾಂಕದ ಜೊತೆ ಪ್ರಾಜೆಕ್ಟ್ ಕ್ಯಾಲೆಂಡರ್ ಕೂಡ ಕೇಳಿ. ಎಕ್ಸಿಬಿಷನ್ ಡಿಸೆಂಬರ್ ಎರಡನೆಯ ವಾರದಲ್ಲಿದ್ದರೆ ಅದರ ಮರುದಿನ ಹೊರಡಿ, ಹಿಂದಿನ ದಿನ ಬೇಡ. ವಿಮರ್ಶೆ ಮತ್ತು ಮರುಬರಹದ ವಾರ ತಪ್ಪಿಸಿಕೊಂಡರೆ ಅದನ್ನು ಮನೆಯಲ್ಲಿ ಕೂತು ತುಂಬಿಸಲಾಗುವುದಿಲ್ಲ, ಗುಂಪಿನ ಉಳಿದ ಮೂವರ ಕೆಲಸವೂ ನಿಲ್ಲುತ್ತದೆ. ಜನವರಿಯಲ್ಲಿ ಹೊಸ ಪ್ರಾಜೆಕ್ಟಿನ ಮೊದಲ ವಾರ ತಪ್ಪಿದರೆ ಪರವಾಗಿಲ್ಲ, ಓದುವ ಸಾಮಗ್ರಿ ಮೊದಲೇ ಕೊಡಿ ಅಂತ ಕೇಳಿಕೊಳ್ಳಬಹುದು. ಗಣಿತದ ಆ ಎರಡು ವಾರದ ಪಾಠದ ಹೆಸರು ಬರೆಸಿಕೊಂಡು ಹೋಗಿ.

ಇನ್ನೊಂದು: ಈಗಿನ ಶಾಲೆಯಿಂದ ಮಗನ ಹೆಸರು ಈಗಲೇ ತೆಗೆಸಬೇಡಿ. ಲಾಟರಿಯಲ್ಲಿ ಸೀಟು ಬಂದದ್ದು ಬೇರೆ, ದಾಖಲಾತಿ ಪೂರ್ತಿ ಆದದ್ದು ಬೇರೆ. ವಿಳಾಸದ ಪುರಾವೆ, ಲಸಿಕೆ ದಾಖಲೆ ಎಲ್ಲ ಕೊಟ್ಟು ದಾಖಲಾತಿ ಖಚಿತ ಅಂತ ಇಮೇಲ್ ಬಂದ ಮೇಲೆಯೇ ಹಳೆಯ ಶಾಲೆಗೆ ತಿಳಿಸಿ. 7ನೇ ತರಗತಿಗೆ ಸೇರುವಾಗ ಲಸಿಕೆ ದಾಖಲೆ ಮತ್ತೆ ಕೇಳುತ್ತಾರೆ, ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ) ಬೂಸ್ಟರ್ ಮತ್ತು ಚಿಕನ್‌ಪಾಕ್ಸ್‌ನ ಎರಡೂ ಡೋಸ್ ಆಗಿದೆಯಾ ಅಂತ ಈ ವಾರವೇ ನೋಡಿಕೊಳ್ಳಿ.